ಅಣುಶಕ್ತಿ ಜಲಾಂತರ್ಗಾಮಿಯ ರಿಯಾಕ್ಟರ್ ಎಂಜಿನಿಯರ್ ಆಗುವುದು ಹೇಗೆ? ಪಿಯುಸಿಯಿಂದ ಹೊಣೆಯ ಹುದ್ದೆವರೆಗೆ

‘ಐಎನ್‌ಎಸ್ ಅರಿಹಂತ್‌ನಂಥ ಜಲಾಂತರ್ಗಾಮಿಯ ರಿಯಾಕ್ಟರ್ ಮೇಲೆ ಕೆಲಸ ಮಾಡಬೇಕು, ಅರ್ಜಿ ಎಲ್ಲಿ ಹಾಕುವುದು?’ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳಬೇಕೆಂದರೆ, ಆ ಹೆಸರಿನ ಹುದ್ದೆಗೆ ಭಾರತದಲ್ಲಿ ಯಾರೂ ಅರ್ಜಿ ಕರೆಯುವುದಿಲ್ಲ. ಅಣುಶಕ್ತಿ ಇಲಾಖೆ, ನೌಕಾಪಡೆ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಈ ಮೂರರಲ್ಲಿ ಯಾವುದಾದರೂ ಒಂದನ್ನು ಸಾಮಾನ್ಯ ನೇಮಕಾತಿಯಲ್ಲೇ ಸೇರಬೇಕು. ಆ ಕೆಲಸಕ್ಕೆ ಯಾರನ್ನು ಹಾಕಬೇಕು ಎಂಬುದನ್ನು ಸಂಸ್ಥೆ ಆಮೇಲೆ ತೀರ್ಮಾನಿಸುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಎರಡೇ: ಸರಿಯಾದ ಬಾಗಿಲು ಆರಿಸಿಕೊಳ್ಳುವುದು ಮತ್ತು ಆಯ್ಕೆ ಮಾಡುವವರು ಹುಡುಕುವ ಗುಣಗಳನ್ನು ಮೊದಲೇ ಬೆಳೆಸಿಕೊಳ್ಳುವುದು.

ಈ ಲೇಖನದಲ್ಲಿರುವ ಅಂಕದ ಮಿತಿ, ವಯಸ್ಸು, ಪರೀಕ್ಷೆಯ ನಿಯಮಗಳು ಕಳೆದ ಕೆಲವು ವರ್ಷಗಳ ಅಧಿಸೂಚನೆಗಳಲ್ಲಿ ಬಂದಂಥವು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಕೊನೆಯ ಸಾಲಿನವರೆಗೂ ಓದಿ.

ಮೊದಲು, ಈ ಕೆಲಸ ಏನೆಂದು ತಿಳಿದುಕೊಳ್ಳಿ

ದೇಶದಲ್ಲೇ ಕಟ್ಟಿದ ಮೊದಲ ಅಣುಶಕ್ತಿ ಜಲಾಂತರ್ಗಾಮಿ ಅರಿಹಂತ್ 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು. ಅದರ ರಿಯಾಕ್ಟರ್‌ನಲ್ಲಿ ಸರಣಿ ಕ್ರಿಯೆ ಆರಂಭವಾದದ್ದು 2013ರ ಆಗಸ್ಟ್‌ನಲ್ಲಿ. ನೌಕಾಪಡೆ ಸೇರಿದ್ದು 2016ರಲ್ಲಿ. ಎರಡನೆಯದಾದ ಅರಿಘಾತ್ 2024ರ ಆಗಸ್ಟ್ 29ರಂದು ಸೇರಿತು. ನೀರಿಗಿಳಿದ ಮೇಲೂ ಏಳು ವರ್ಷ ಹಿಡಿದ ಕೆಲಸವನ್ನು ಗಮನಿಸಿ. ಒಂದೊಂದು ಪಂಪು, ಕವಾಟ, ಬೆಸುಗೆಯನ್ನೂ ಪರೀಕ್ಷಿಸಿ, ದಾಖಲಿಸಿ, ಒಪ್ಪಿಗೆ ಕೊಡುವುದೇ ಈ ವೃತ್ತಿಯ ಬಹುಪಾಲು.

ಇದು ಒತ್ತಡದ ನೀರಿನ ರಿಯಾಕ್ಟರ್. ಶಾಖದ ಲೆಕ್ಕದಲ್ಲಿ 83 ಮೆಗಾವಾಟ್ ಎಂಬ ಅಂಕಿ ಬಹಿರಂಗವಾಗಿ ಚಾಲ್ತಿಯಲ್ಲಿದೆ. ಯುರೇನಿಯಂ ಇಂಧನದ ಸುತ್ತ ಹರಿಯುವ ನೀರು ಕುದಿಯದಂತೆ ಭಾರಿ ಒತ್ತಡದಲ್ಲಿರುತ್ತದೆ. ಇದನ್ನು ಪ್ರೈಮರಿ ಸರ್ಕ್ಯೂಟ್, ಅಂದರೆ ಮೊದಲ ಸುತ್ತು ಎನ್ನುತ್ತಾರೆ. ಆ ನೀರು ಸ್ಟೀಮ್ ಜನರೇಟರ್‌ನ ಕೊಳವೆಗಳೊಳಗೆ ಹರಿಯುತ್ತಾ ಹೊರಗಿನ ಬೇರೆ ನೀರನ್ನು ಆವಿ ಮಾಡುತ್ತದೆ. ಆ ಆವಿ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್‌ನ ಭಾರಿ ವೇಗವನ್ನು ಗೇರ್‌ಬಾಕ್ಸ್ ತಗ್ಗಿಸಿ ಪ್ರೊಪೆಲ್ಲರ್‌ಗೆ ಕೊಡುತ್ತದೆ. ವಿಕಿರಣವಿರುವ ನೀರು ಮೊದಲ ಸುತ್ತಿನಲ್ಲೇ ಉಳಿಯಬೇಕು. ಸ್ಟೀಮ್ ಜನರೇಟರ್‌ನ ಒಂದು ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಈ ಗಡಿ ಒಡೆಯುತ್ತದೆ.

ನೆಲದ ಮೇಲಿನ ವಿದ್ಯುತ್ ಸ್ಥಾವರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಸಂದರ್ಶನದಲ್ಲಿ ಕೇಳುವ ಸಾಧ್ಯತೆ ಹೆಚ್ಚು. ಕೈಗಾದ 220 ಮೆಗಾವಾಟ್ ಘಟಕ ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿ ಓಡುತ್ತದೆ. ಜಲಾಂತರ್ಗಾಮಿ ಮಾತ್ರ ನಿಮಿಷಗಳಲ್ಲಿ ನಿಧಾನದಿಂದ ಪೂರ್ಣ ವೇಗಕ್ಕೆ ಏರಬೇಕು, ಮತ್ತೆ ಇಳಿಯಬೇಕು. ಅದರ ದೇಹ ವಾಲುತ್ತದೆ, ಉರುಳುತ್ತದೆ, ಮೂತಿ ಕೆಳಗೆ ಮಾಡುತ್ತದೆ. ಆಗಲೂ ತಂಪುಗೊಳಿಸುವ ನೀರು ಇಂಧನವನ್ನು ಮುಚ್ಚಿಯೇ ಇರಬೇಕು, ಸರಣಿ ಕ್ರಿಯೆಯನ್ನು ಹಿಡಿದಿಡುವ ನಿಯಂತ್ರಣ ಸರಳುಗಳು ತಡೆಯಿಲ್ಲದೆ ಒಳಗಿಳಿಯಬೇಕು. ಪಂಪಿನ ಸದ್ದು ಶತ್ರುವಿನ ಕಿವಿಗೆ ಬೀಳಬಾರದು. ಕೆಟ್ಟರೆ ನೆರವಿಗೆ ಪಕ್ಕದ ಗ್ರಿಡ್ ಇರುವುದಿಲ್ಲ.

ಹಂತ 1: ಪಿಯುಸಿಯಲ್ಲಿರುವಾಗ

ನಮ್ಮ ರಾಜ್ಯದ ವಿದ್ಯಾರ್ಥಿಗಳು ಇಲ್ಲೇ ಒಂದು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಕೆಸಿಇಟಿ, ಕಾಮೆಡ್‌ಕೆ ಬರೆದರೆ ಸಾಕೆಂದು ಜೆಇಇ ಮೇನ್ ಬಿಟ್ಟುಬಿಡುತ್ತಾರೆ. ನೌಕಾಪಡೆಯ 10+2 ಬಿ.ಟೆಕ್ ಕೆಡೆಟ್ ಪ್ರವೇಶಕ್ಕೆ ಕರೆಯುವುದು ಜೆಇಇ ಮೇನ್‌ನ ಅಖಿಲ ಭಾರತ ರ‍್ಯಾಂಕ್ ನೋಡಿ. ಅದಿಲ್ಲದಿದ್ದರೆ ನೀವು ಲೆಕ್ಕಕ್ಕೇ ಇಲ್ಲ.

ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ಒಟ್ಟು ಶೇ 70, ಹತ್ತನೇ ತರಗತಿ ಅಥವಾ ಪಿಯುಸಿಯ ಇಂಗ್ಲಿಷ್‌ನಲ್ಲಿ ಶೇ 50 ಬೇಕು. ಅವಿವಾಹಿತರಾಗಿರಬೇಕು. ವಯಸ್ಸು ಸುಮಾರು 16½ರಿಂದ 19½. ಜೆಇಇ ಬರೆದರೆ ಹೆಸರು ತಾನಾಗಿ ನೌಕಾಪಡೆಗೆ ಹೋಗುವುದಿಲ್ಲ, ನೌಕಾಪಡೆಯ ನೇಮಕಾತಿ ತಾಣದಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು. ರ‍್ಯಾಂಕ್ ಇದ್ದೂ ಈ ಅರ್ಜಿಯ ಗಡುವು ತಪ್ಪಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಆಯ್ಕೆಯಾದರೆ ಕೇರಳದ ಏಳಿಮಲದ ಭಾರತೀಯ ನೌಕಾ ಅಕಾಡೆಮಿಯಲ್ಲಿ ನಾಲ್ಕು ವರ್ಷ ಓದು. ಖರ್ಚು ಸರ್ಕಾರದ್ದು, ಪದವಿ ಜೆಎನ್‌ಯುವಿನದು. ಎನ್‌ಡಿಎ ಮೂಲಕವೂ ನೌಕಾಪಡೆ ಸೇರಬಹುದು. ಅದರ ಲಿಖಿತ ಪರೀಕ್ಷೆ ಯುಪಿಎಸ್‌ಸಿ ನಡೆಸುತ್ತದೆ.

ಕನ್ನಡಕವಿರುವವರಿಗೆ ಒಂದು ಎಚ್ಚರಿಕೆ. ಪಡೆಗೆ ಸೇರುವ ಆತುರದಲ್ಲಿ ಲೇಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಡಿ. ಬೇರೆ ವಿಭಾಗಗಳಿಗೆ ಅದು ನಡೆದರೂ ಜಲಾಂತರ್ಗಾಮಿ ಮತ್ತು ಡೈವಿಂಗ್ ವಿಭಾಗಗಳಿಗೆ ಅಡ್ಡಿಯಾಗುತ್ತದೆ. ವೈದ್ಯಕೀಯ ಮಾನದಂಡ ಓದಿಕೊಂಡು ಆಮೇಲೆ ತೀರ್ಮಾನಿಸಿ.

ಹಂತ 2: ಬಿ.ಇ.ಯಲ್ಲಿ ಏನು ಓದಬೇಕು

‘ನ್ಯೂಕ್ಲಿಯರ್ ಎಂಜಿನಿಯರಿಂಗ್ ಪದವಿಯೇ ಬೇಕಾ?’ ಬೇಕಿಲ್ಲ. ಹೆಚ್ಚಿನವರು ಬರುವುದು ಮೆಕ್ಯಾನಿಕಲ್, ಕೆಮಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್, ಮೆಟಲರ್ಜಿಯಿಂದ. ಅಣು ವಿಜ್ಞಾನವನ್ನು ಸಂಸ್ಥೆ ಕಲಿಸುತ್ತದೆ. ಥರ್ಮೊಡೈನಮಿಕ್ಸ್ ಬರದವರಿಗೆ ಅದನ್ನು ಹೊಸದಾಗಿ ಕಲಿಸುವಷ್ಟು ಸಮಯ ಅಲ್ಲಿ ಯಾರಿಗೂ ಇಲ್ಲ.

ಶೇಖರ್ ಬಸು ಅವರ ಹಾದಿ ನೋಡಿ. ಮುಂಬೈನ ವಿಜೆಟಿಐಯಲ್ಲಿ ಮೆಕ್ಯಾನಿಕಲ್ ಪದವಿ, ಆಮೇಲೆ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ತರಬೇತಿ ಶಾಲೆ. ಆರಂಭದ ಕೆಲಸ ಕುದಿನೀರಿನ ರಿಯಾಕ್ಟರ್‌ಗಳ ಇಂಧನದ ಮೇಲೆ. ಜಲಾಂತರ್ಗಾಮಿಯ ಚಾಲನಾ ಸ್ಥಾವರದ ಯೋಜನೆಯನ್ನು ಮುನ್ನಡೆಸಿದ್ದು ಅದಾದ ನಂತರ. ಕೊನೆಗೆ ಬಾರ್ಕ್ ನಿರ್ದೇಶಕರೂ ಅಣುಶಕ್ತಿ ಆಯೋಗದ ಅಧ್ಯಕ್ಷರೂ ಆದರು.

ಮೆಕ್ಯಾನಿಕಲ್‌ನವರು ಶಾಖ ವರ್ಗಾವಣೆ, ದ್ರವ ಚಲನಶಾಸ್ತ್ರ, ಒತ್ತಡ ಪಾತ್ರೆಗಳ ವಿನ್ಯಾಸ, ಕಂಪನ ಇವನ್ನು ಬಿಡಿಸಿ ಹೇಳುವಷ್ಟು ಕಲಿಯಿರಿ. ಎಲೆಕ್ಟ್ರಿಕಲ್‌ನವರಿಗೆ ರಕ್ಷಣಾ ರಿಲೇಗಳು, ಬ್ಯಾಟರಿ, ಮೋಟಾರು. ಇನ್‌ಸ್ಟ್ರುಮೆಂಟೇಷನ್‌ನವರಿಗೆ ನಿಯಂತ್ರಣ ಸಿದ್ಧಾಂತ ಮತ್ತು ಮೂರು ಸಂವೇದಕಗಳಲ್ಲಿ ಎರಡು ಒಪ್ಪಿದರಷ್ಟೇ ಕ್ರಮ ಕೈಗೊಳ್ಳುವ ‘ಮೂರರಲ್ಲಿ ಎರಡು’ ತರ್ಕ. ಮೆಟಲರ್ಜಿಯವರಿಗೆ ಬೆಸುಗೆ, ಕ್ಲೋರೈಡ್‌ನಿಂದ ಸ್ಟೇನ್‌ಲೆಸ್ ಸ್ಟೀಲ್ ಬಿರುಕು ಬಿಡುವ ಬಗೆ ಬಹಳ ಮುಖ್ಯ. ಸಮುದ್ರದ ನೀರಿನ ನಡುವೆ ಇರುವ ಯಂತ್ರಕ್ಕೆ ಕ್ಲೋರೈಡ್ ಹೊತ್ತಿಗೊಮ್ಮೆ ಎದುರಾಗುವ ಶತ್ರು. ಆವಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್‌ನ ಒಂದು ಕೊಳವೆ ಸೋರಿದರೆ ಉಪ್ಪುನೀರು ಆವಿಯ ಸುತ್ತಿಗೆ ನುಗ್ಗುತ್ತದೆ. ಆದ್ದರಿಂದಲೇ ನೀರಿನ ರಸಾಯನವನ್ನು ಪಾಳಿ ಪಾಳಿಗೂ ಅಳೆಯುತ್ತಾರೆ.

ಓದುವಾಗಲೇ ಈ ಎರಡು ವಿಷಯಗಳನ್ನು ನೀವೇ ಲೆಕ್ಕ ಹಾಕಿ ಕಲಿತುಬಿಡಿ.

ಒಂದು, ಉಳಿಕೆ ಶಾಖ. ರಿಯಾಕ್ಟರ್ ನಿಲ್ಲಿಸಿದ ಕ್ಷಣ ಶಾಖ ಸೊನ್ನೆಯಾಗುವುದಿಲ್ಲ. ಒಡೆದ ಪರಮಾಣುಗಳ ಚೂರುಗಳು ಕ್ಷಯಿಸುತ್ತಲೇ ಇರುತ್ತವೆ. ಬಹುಕಾಲ ಪೂರ್ಣ ಶಕ್ತಿಯಲ್ಲಿ ಓಡಿದ ರಿಯಾಕ್ಟರ್ ನಿಂತ ಕೂಡಲೇ ಶೇ 6ರಷ್ಟು ಶಾಖ ಉಳಿದಿರುತ್ತದೆ. ಒಂದು ಗಂಟೆಯ ನಂತರವೂ ಶೇ 1ಕ್ಕಿಂತ ಹೆಚ್ಚು. 83 ಮೆಗಾವಾಟ್ ಲೆಕ್ಕದಲ್ಲಿ ಅದು ಮೊದಲು ಸುಮಾರು 5 ಮೆಗಾವಾಟ್, ಗಂಟೆಯ ನಂತರ 800 ಕಿಲೋವಾಟ್‌ಗೂ ಮಿಗಿಲು. ಇದನ್ನು ಹೊರಹಾಕದಿದ್ದರೆ ನಿಂತ ರಿಯಾಕ್ಟರ್‌ನ ಇಂಧನವೂ ಕರಗಬಹುದು.

ಎರಡು, ಝೆನಾನ್ ತಡೆ. ರಿಯಾಕ್ಟರ್ ನಿಂತ ಮೇಲೆ ಅಯೋಡಿನ್-135 (ಅರ್ಧಾಯು ಸುಮಾರು 6.6 ಗಂಟೆ) ಕ್ಷಯಿಸಿ ಝೆನಾನ್-135 (ಸುಮಾರು 9.1 ಗಂಟೆ) ಆಗುತ್ತದೆ. ಈ ಝೆನಾನ್ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ನಿಲ್ಲಿಸಿದ ಹತ್ತು-ಹನ್ನೊಂದು ಗಂಟೆಗೆ ಅದರ ಪ್ರಮಾಣ ತುತ್ತತುದಿಗೆ ಏರುತ್ತದೆ. ವಿದ್ಯುತ್ ಸ್ಥಾವರವಾದರೆ ಒಂದೆರಡು ದಿನ ಕಾಯಬಹುದು. ನೀರೊಳಗಿನ ಹಡಗಿಗೆ ಆ ಅವಕಾಶವಿಲ್ಲ. ಆದ್ದರಿಂದ ಝೆನಾನ್ ತುದಿಯಲ್ಲೂ ಮತ್ತೆ ಚಾಲೂ ಆಗುವಷ್ಟು ಹೆಚ್ಚುವರಿ ಸಾಮರ್ಥ್ಯವನ್ನು ಇಂಧನದಲ್ಲೇ ಇಡಬೇಕಾಗುತ್ತದೆ. ಆ ಹೆಚ್ಚುವರಿಯನ್ನು ಉಳಿದ ಹೊತ್ತು ಹಿಡಿದಿಡುವುದು ನಿಯಂತ್ರಣ ಸರಳುಗಳ ಹೊಣೆ. ಜಲಾಂತರ್ಗಾಮಿಗೆ ವಿದ್ಯುತ್ ಸ್ಥಾವರಕ್ಕಿಂತ ಹೆಚ್ಚು ಸಂವರ್ಧಿತ (ಸುಲಭವಾಗಿ ಒಡೆಯುವ ಪರಮಾಣುಗಳ ಪಾಲು ಹೆಚ್ಚಿಸಿದ) ಯುರೇನಿಯಂ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಮೈಸೂರು ಹತ್ತಿರದ ರಟ್ಟೆಹಳ್ಳಿಯ ಅಪರೂಪದ ವಸ್ತುಗಳ ಸ್ಥಾವರ ಸಂವರ್ಧನೆ ನಡೆಯುವ ಜಾಗ.

ಹಂತ 3: ಬಾಗಿಲು ದಾಟುವುದು

*ಬಾರ್ಕ್ ದಾರಿ.* ಭಾಭಾ ಅಣು ಸಂಶೋಧನಾ ಕೇಂದ್ರದ ಒಂದು ವರ್ಷದ ತರಬೇತಿಗೆ ಒಸಿಇಎಸ್ ಎನ್ನುತ್ತಾರೆ. ರಿಯಾಕ್ಟರ್‌ನ ವಿನ್ಯಾಸ, ಸುರಕ್ಷತೆ, ಇಂಧನದ ಕೆಲಸ ನಿಮಗೆ ಇಷ್ಟವಾದರೆ ಇದೇ ಮುಖ್ಯ ದಾರಿ. ಪದವಿಯಲ್ಲಿ ಕನಿಷ್ಠ ಶೇ 60, ಸಾಮಾನ್ಯ ವರ್ಗಕ್ಕೆ ವಯೋಮಿತಿ 26 (ಒಬಿಸಿ 29, ಪರಿಶಿಷ್ಟರಿಗೆ 31). ಬಾರ್ಕ್‌ನ ಆನ್‌ಲೈನ್ ಪರೀಕ್ಷೆ ಅಥವಾ ಎಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಪರೀಕ್ಷೆಯಾದ ಗೇಟ್‌ನ ಅಂಕ, ಎರಡರಲ್ಲಿ ಯಾವುದರಿಂದಲಾದರೂ ಸಂದರ್ಶನಕ್ಕೆ ಆಯ್ಕೆಯಾಗಬಹುದು. ಎರಡನ್ನೂ ಬರೆಯಿರಿ. ಆನ್‌ಲೈನ್ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡು ಗಂಟೆ. ಸರಿ ಉತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಡಿತ.

ಅಂತಿಮ ಆಯ್ಕೆ ಸಂದರ್ಶನದ ಅಂಕದ ಮೇಲೆ ಮಾತ್ರ. ಗೇಟ್‌ನಲ್ಲಿ ಮೇಲಿದ್ದವರು ಇಲ್ಲಿ ಉರುಳುವುದು, ಕೆಳಗಿದ್ದವರು ಆಯ್ಕೆಯಾಗುವುದು ಮಾಮೂಲು. ಸಂದರ್ಶನ ಸುಮಾರು ಒಂದು ಗಂಟೆಯವರೆಗೂ ನಡೆಯಬಹುದು, ಬೋರ್ಡಿನ ಮೇಲೋ ಹಾಳೆಯ ಮೇಲೋ ಸಮೀಕರಣ ಬರೆಸುತ್ತಾರೆ. ‘ಕೊಳವೆಯಲ್ಲಿ ಬಿಸಿ ಹೆಚ್ಚಿಸುತ್ತಾ ಹೋದರೆ ಗೋಡೆಯ ಉಷ್ಣತೆ ಹೇಗೆ ಬದಲಾಗುತ್ತದೆ, ಚಿತ್ರ ಬರೆಯಿರಿ’ ಎಂಬಂಥ ಒಂದು ಪ್ರಶ್ನೆ ಹಿಡಿದು ಆಳಕ್ಕೆ ಇಳಿಯುತ್ತಾರೆ. ಹತ್ತು ವಿಷಯ ಮೇಲೆ ಮೇಲೆ ಓದುವ ಬದಲು ಮೂರನ್ನು ಬುಡದಿಂದ ಓದಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡಿ. ರಿಯಾಕ್ಟರ್ ಮುಂದೆ ಊಹೆ ಹೇಳುವವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಮಂಡಳಿಯವರು ಅದನ್ನೇ ಪರೀಕ್ಷಿಸುತ್ತಿರುತ್ತಾರೆ.

ಶೇ 59.8 ಬಂದವರು 60 ಎಂದು ದುಂಡು ಮಾಡಿ ಅರ್ಜಿ ಹಾಕಬೇಡಿ. ಸಿಜಿಪಿಎ ಇದ್ದರೆ ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಬ್ಯಾಚಿಗೆ ಹೊರಡಿಸಿದ ಸೂತ್ರದಿಂದಲೇ ಶೇಕಡಾವಾರು ತೆಗೆಯಿರಿ, ಆ ಪ್ರಮಾಣಪತ್ರವನ್ನೂ ತರಿಸಿಟ್ಟುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಸಿಕ್ಕಿಬಿದ್ದರೆ ಒಂದು ವರ್ಷ ಹೋಯಿತು.

*ನೌಕಾಪಡೆ ದಾರಿ.* ಪದವಿ ಮುಗಿಸಿದವರು ತಾಂತ್ರಿಕ ಶಾಖೆಗೆ ಅರ್ಜಿ ಹಾಕಬಹುದು. ಮುಂದಿನದು ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿ: ಐದು ದಿನದ ಆಯ್ಕೆ. ನೌಕಾಪಡೆಯ ಎಸ್‌ಎಸ್‌ಬಿ ಬೆಂಗಳೂರಿನಲ್ಲೂ ನಡೆಯುತ್ತದೆ. ಮೊದಲ ದಿನವೇ ಬಹಳಷ್ಟು ಮಂದಿಯನ್ನು ವಾಪಸ್ ಕಳಿಸುತ್ತಾರೆ. ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಸುತ್ತಿನಲ್ಲಿ ಕಿರುಚುವವರೂ ಸೋಲುತ್ತಾರೆ, ಬಾಯಿ ಬಿಡದವರೂ ಸೋಲುತ್ತಾರೆ. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರಗಳನ್ನು ಮನೋವಿಜ್ಞಾನಿಗಳು ಸುಲಭವಾಗಿ ಗುರುತಿಸುತ್ತಾರೆ. ಅಲ್ಪಾವಧಿ ನಿಯುಕ್ತಿಯೋ ಕಾಯಂ ನಿಯುಕ್ತಿಯೋ ಎಂಬುದನ್ನು ಅಧಿಸೂಚನೆಯಲ್ಲಿ ನೋಡಿ. ಅಣು ಜಲಾಂತರ್ಗಾಮಿಯ ಎಂಜಿನಿಯರ್‌ನನ್ನು ತಯಾರು ಮಾಡಲು ಅನೇಕ ವರ್ಷ ಬೇಕಾದ್ದರಿಂದ ಕಾಯಂ ನಿಯುಕ್ತಿಯ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

*ಡಿಆರ್‌ಡಿಒ ಮತ್ತು ಕೈಗಾರಿಕೆ.* ಗೇಟ್ ಅಂಕ ಮತ್ತು ಸಂದರ್ಶನದ ಮೂಲಕ ಸೈಂಟಿಸ್ಟ್ ‘ಬಿ’ ಆಗಬಹುದು. ಹಡಗಿನ ದೇಹ, ಯಂತ್ರೋಪಕರಣ, ಜೋಡಣೆಯ ಕೆಲಸ ಇಷ್ಟವಿದ್ದರೆ ಖಾಸಗಿ ವಲಯವನ್ನೂ ಮರೆಯಬೇಡಿ. ಅರಿಹಂತ್‌ನ ದೇಹಭಾಗಗಳನ್ನು ಎಲ್ ಆ್ಯಂಡ್ ಟಿ ಗುಜರಾತಿನ ಹಜೀರಾದಲ್ಲಿ ತಯಾರಿಸಿತು, ಗೇರ್‌ಬಾಕ್ಸ್ ವಾಲ್‌ಚಂದ್‌ನಗರ ಇಂಡಸ್ಟ್ರೀಸ್‌ನದು.

ಡಿಪ್ಲೊಮಾ, ಬಿ.ಎಸ್ಸಿ., ಐಟಿಐ ಮುಗಿಸಿದವರಿಗೆ ಬಾರ್ಕ್‌ನ ಸ್ಟೈಪೆಂಡರಿ ಟ್ರೈನಿ ನೇಮಕಾತಿ ಇದೆ. ಅಲ್ಲಿಂದ ಮೇಲೇರಿ ಅಧಿಕಾರಿಗಳಾಗುವ ಅವಕಾಶವೂ ಇದೆ.

ಅಣು ವಿದ್ಯುತ್ ಸ್ಥಾವರಗಳನ್ನು ನಡೆಸುವ ಎನ್‌ಪಿಸಿಐಎಲ್ ಸೇರಿ ಕೈಗಾದಲ್ಲಿ ಕೆಲಸ ಮಾಡಿದರೆ ಜಲಾಂತರ್ಗಾಮಿಗೆ ಹೋಗಬಹುದೇ ಎಂದೂ ಕೇಳುತ್ತಾರೆ. ಒಳ್ಳೆಯ ವೃತ್ತಿ ಅದು, ಆದರೆ ಅದರದೇ ಬೇರೆ ದಾರಿ. ಈ ಕೆಲಸಕ್ಕೆ ಮೆಟ್ಟಿಲು ಎಂದುಕೊಂಡು ಅದನ್ನು ಸೇರಬೇಡಿ.

ಹಂತ 4: ಪೊಲೀಸ್ ಪರಿಶೀಲನೆ ಮತ್ತು ಗೋಪ್ಯತೆ

ಆಯ್ಕೆಯ ನಂತರ ಹಿನ್ನೆಲೆ ಪರಿಶೀಲನೆ. ನಮೂನೆಯಲ್ಲಿ ನೀವು ಇದ್ದ ಪ್ರತಿಯೊಂದು ವಿಳಾಸ, ಪಿಜಿ, ಹಾಸ್ಟೆಲ್ ಸಮೇತ, ತಿಂಗಳು-ವರ್ಷದೊಂದಿಗೆ ಬರೆಯಬೇಕು. ಕಾಲೇಜಿನ ದಿನಗಳಲ್ಲಿ ಪ್ರತಿಭಟನೆಯಲ್ಲೋ ಜಗಳದಲ್ಲೋ ನಿಮ್ಮ ಮೇಲೆ ಪ್ರಕರಣ ದಾಖಲಾಗಿದ್ದರೆ, ಅದು ರದ್ದಾಗಿದ್ದರೂ ಮುಚ್ಚಿಡಬೇಡಿ. ಎಷ್ಟೋ ಸಣ್ಣ ಪ್ರಕರಣಗಳನ್ನು ಕ್ಷಮಿಸುತ್ತಾರೆ, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳಲ್ಲಿ ಹೆಸರಿನ ಇನಿಷಿಯಲ್ ಬೇರೆ ಬೇರೆಯಾಗಿರುವುದು ನಮ್ಮಲ್ಲಿ ಸಾಮಾನ್ಯ. ಅರ್ಜಿ ಹಾಕುವ ಮೊದಲೇ ಸರಿಪಡಿಸಿ.

ಸೇರಿದ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅನ್ವಯಿಸುತ್ತದೆ. ಎಲ್ಲಿ, ಯಾವ ಯೋಜನೆಯಲ್ಲಿ ಕೆಲಸ ಎಂಬುದನ್ನು ಲಿಂಕ್ಡ್‌ಇನ್‌ನಲ್ಲಿ ಹಾಕುವಂತಿಲ್ಲ. ಮಾಡಿದ ಒಳ್ಳೆಯ ಕೆಲಸದ ಮೇಲೆ ಪ್ರಬಂಧ ಪ್ರಕಟಿಸಲಾಗದೇ ಇರಬಹುದು. ವಿದೇಶ ಪ್ರವಾಸಕ್ಕೆ ಅನುಮತಿ ಬೇಕು. ಇದು ಬಾಳಸಂಗಾತಿಗೂ ತಟ್ಟುವ ವಿಷಯ, ಮನೆಯಲ್ಲಿ ಮೊದಲೇ ಮಾತಾಡಿ.

ಹಂತ 5: ತರಬೇತಿ

ಬಾರ್ಕ್‌ನಲ್ಲಿ ಒಂದು ವರ್ಷ ತರಗತಿ, ಸಾಲು ಸಾಲು ಪರೀಕ್ಷೆಗಳು. ಒಟ್ಟು ಕನಿಷ್ಠ ಶೇ 50 ಬಂದರೆ ಸೈಂಟಿಫಿಕ್ ಆಫೀಸರ್ ‘ಸಿ’ ಹುದ್ದೆ. ಏಳನೇ ವೇತನ ಆಯೋಗದಂತೆ ಲೆವೆಲ್ 10, ಆರಂಭದ ಮೂಲವೇತನ ₹56,100. ಮೂರು ವರ್ಷ ಸೇವೆ ಸಲ್ಲಿಸುವ ಬಾಂಡ್ ಇರುತ್ತದೆ. ತರಬೇತಿಯ ಅಂಕಗಳು ಯಾವ ವಿಭಾಗಕ್ಕೆ ಹೋಗುತ್ತೀರಿ ಎಂಬುದನ್ನೂ ಪ್ರಭಾವಿಸುತ್ತವೆ. ಆಯ್ಕೆಯಾಯಿತಲ್ಲ ಎಂದು ಈ ವರ್ಷ ಸಡಿಲ ಬಿಡಬೇಡಿ.

ನೌಕಾಧಿಕಾರಿಗಳು ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಮೆರೈನ್ ಎಂಜಿನಿಯರಿಂಗ್, ಜಾಮ್‌ನಗರದ ಐಎನ್‌ಎಸ್ ವಲ್ಸುರಾದಲ್ಲಿ ಎಲೆಕ್ಟ್ರಿಕಲ್ ಕಲಿಯುತ್ತಾರೆ. ಜಲಾಂತರ್ಗಾಮಿ ವಿಭಾಗಕ್ಕೆ ತಾವಾಗಿ ಮುಂದೆ ಬಂದವರು ವಿಶಾಖಪಟ್ಟಣದ ಐಎನ್‌ಎಸ್ ಸಾತವಾಹನಕ್ಕೆ ಹೋಗುತ್ತಾರೆ. ಆಮೇಲೆ ಹಡಗಿನಲ್ಲೇ ಪ್ರತಿ ಕೊಳವೆ, ಪ್ರತಿ ಕವಾಟವನ್ನು ಕೈಯಲ್ಲಿ ಮುಟ್ಟಿ, ನಕ್ಷೆ ಬರೆದು, ಮೌಖಿಕ ಪರೀಕ್ಷೆ ಪಾಸಾದರಷ್ಟೇ ಎದೆಯ ಮೇಲೆ ಡಾಲ್ಫಿನ್ ಬ್ಯಾಡ್ಜ್. ಅಣು ಸ್ಥಾವರದ ತರಬೇತಿ ಅದರ ನಂತರದ್ದು. ತಮಿಳುನಾಡಿನ ಕಲ್ಪಾಕ್ಕಂನಲ್ಲಿ ನೆಲದ ಮೇಲೆಯೇ ಕಟ್ಟಿದ ಮಾದರಿ ರಿಯಾಕ್ಟರ್ 2006ರಿಂದ ಕಾರ್ಯನಿರತವಾಗಿದ್ದು, ಸಿಬ್ಬಂದಿ ತರಬೇತಿಗೂ ಅದನ್ನು ಬಳಸಲಾಗಿದೆ.

ವಿಕಿರಣದ ಭಯ ಮನೆಯವರಿಗೆ ಹೆಚ್ಚು. ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ಕೆಲಸಗಾರನಿಗೆ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಎದೆಗೆ ಸಿಕ್ಕಿಸುವ ಟಿಎಲ್‌ಡಿ ಬ್ಯಾಡ್ಜ್ ಆ ಲೆಕ್ಕ ಇಡುತ್ತದೆ. ಬ್ಯಾಡ್ಜನ್ನು ಮೇಜಿನ ಡ್ರಾಯರ್‌ನಲ್ಲಿ ಮರೆತು ಒಳಗೆ ಹೋಗುವುದು ಹೊಸಬರ ಮೊದಲ ತಪ್ಪು.

ಹಂತ 6: ಮೇಲ್ವಿಚಾರಣೆಯ ಹೊಣೆ

ಬಾರ್ಕ್‌ನಲ್ಲಿ ಸಿ, ಡಿ, ಇ, ಎಫ್, ಜಿ, ಎಚ್ ಎಂದು ಏರುತ್ತೀರಿ. ಬಡ್ತಿ ಅರ್ಹತೆ ನೋಡಿ, ಸಂದರ್ಶನ ಮಾಡಿ ಕೊಡುವಂಥದು. ಮೊದಲ ವರ್ಷಗಳಲ್ಲಿ ನಿಮಗೆ ಸಿಗುವುದು ಬಹುಶಃ ಒಂದು ಪಂಪು, ಒಂದು ಕವಾಟದ ಸರಣಿ, ಒಂದು ಪರೀಕ್ಷಾ ವರದಿ. ಇಷ್ಟೇನಾ ಎಂದು ಬೇಸರಪಡಬೇಡಿ.

ಅಮೆರಿಕದ ಅಣು ಜಲಾಂತರ್ಗಾಮಿ ಯುಎಸ್‌ಎಸ್ ಥ್ರೆಶರ್ 1963ರ ಏಪ್ರಿಲ್ 10ರಂದು 129 ಮಂದಿಯೊಂದಿಗೆ ಮುಳುಗಿತು. ತನಿಖೆ ಕಂಡುಕೊಂಡ ಸಂಭವನೀಯ ಸರಣಿ ಹೀಗಿತ್ತು: ಸಮುದ್ರನೀರಿನ ಕೊಳವೆಯೊಂದರ ಬೆಳ್ಳಿ ಬೆಸುಗೆ ಬಿಟ್ಟುಕೊಂಡಿತು, ಚಿಮ್ಮಿದ ನೀರು ವಿದ್ಯುತ್ ಫಲಕಗಳನ್ನು ಕೆಡಿಸಿತು, ರಿಯಾಕ್ಟರ್ ತಾನಾಗಿ ನಿಂತಿತು, ಮತ್ತೆ ಚಾಲೂ ಮಾಡುವಷ್ಟು ಹೊತ್ತು ಸಿಗಲಿಲ್ಲ. ತೂಕ ಇಳಿಸಲು ನೀರು ಹೊರತಳ್ಳುವ ಗಾಳಿಯ ಸಾಲಿನಲ್ಲಿ ತೇವ ಹೆಪ್ಪುಗಟ್ಟಿ ಅದೂ ಕೈಕೊಟ್ಟಿತು. ಅದಕ್ಕೂ ಮುಂಚೆ ಹಡಗುಕಟ್ಟೆಯಲ್ಲಿ 145 ಬೆಸುಗೆಗಳನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದಾಗ ಸುಮಾರು ಶೇ 14 ಮಟ್ಟಕ್ಕಿಂತ ಕೆಳಗಿದ್ದವು. ಉಳಿದ ಸಾವಿರಾರು ಬೆಸುಗೆಗಳನ್ನು ಪರೀಕ್ಷಿಸದೆ ಹಡಗನ್ನು ಬಿಟ್ಟರು. ಆ ಕಾಗದದ ಮೇಲೆ ಬೀಳುವ ಸಹಿ ಮುಂದೆ ನಿಮ್ಮದಾಗಿರುತ್ತದೆ. ಗಡುವು ಮುಗಿಯುತ್ತಿದೆ, ಸಚಿವರು ಬರುತ್ತಾರೆ ಎಂದಾಗಲೂ ‘ಉಳಿದವನ್ನೂ ನೋಡದೆ ಸಹಿ ಹಾಕುವುದಿಲ್ಲ ಸರ್’ ಎನ್ನಲು ಬರಬೇಕು.

ಇನ್ನೊಂದು, 1985ರ ಆಗಸ್ಟ್ 10ರಂದು ಸೋವಿಯತ್ ಒಕ್ಕೂಟದ ಚಾಝ್ಮಾ ಕೊಲ್ಲಿಯಲ್ಲಿ ಆದದ್ದು. ಜಲಾಂತರ್ಗಾಮಿಯೊಂದಕ್ಕೆ ಇಂಧನ ತುಂಬುವಾಗ ರಿಯಾಕ್ಟರ್ ಮುಚ್ಚಳವನ್ನು ಎತ್ತುತ್ತಿದ್ದಾಗ ನಿಯಂತ್ರಣ ಸರಳುಗಳೂ ಅದರ ಜೊತೆ ಮೇಲೆ ಬಂದವು. ಕ್ಷಣದಲ್ಲಿ ಶಕ್ತಿ ಚಿಮ್ಮಿ ಸ್ಫೋಟವಾಗಿ ಹತ್ತು ಮಂದಿ ಸತ್ತರು. ಸಮುದ್ರದಲ್ಲಿ ಓಡುವಾಗಿನಷ್ಟೇ ಅಪಾಯ ದಡದಲ್ಲಿ ರಿಪೇರಿ ಮಾಡುವಾಗಲೂ ಇದೆ. ಮೇಲ್ವಿಚಾರಕ ಎತ್ತುವ ಕ್ರಮವನ್ನು, ಸರಳು ಕಟ್ಟಿರುವ ಬಗೆಯನ್ನು, ನ್ಯೂಟ್ರಾನ್ ಎಣಿಕೆಯನ್ನು ಸ್ವತಃ ನಿಂತು ನೋಡಬೇಕು. ಫೋನಿನಲ್ಲಿ ಒಪ್ಪಿಗೆ ಕೊಡುವ ಕೆಲಸವಲ್ಲ ಇದು.

ಬಾರ್ಕ್‌ನ ಸ್ಥಾವರಗಳ ಸುರಕ್ಷತೆಯನ್ನು 2000ರಿಂದ ಹೊರಗಿನ ಮಂಡಳಿಯಲ್ಲ, ಬಾರ್ಕ್‌ನದೇ ಆದ ಬಾರ್ಕ್ ಸುರಕ್ಷತಾ ಮಂಡಳಿ ನೋಡಿಕೊಳ್ಳುತ್ತಿದೆ. ಹೊರಗಿನ ಕಣ್ಣು ಕಡಿಮೆಯಿರುವ ಇಂಥ ಕಡೆ ಒಳಗಿನ ಪರಿಶೀಲಕ ಇನ್ನಷ್ಟು ನಿಷ್ಠುರನಾಗಿರಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿ ಈ ಕೆಲಸದ ಪೂರ್ಣ ಹೊಣೆ ‘ನೇವಲ್ ರಿಯಾಕ್ಟರ್ಸ್’ ಸಂಸ್ಥೆಯದು. ಅಡ್ಮಿರಲ್ ರಿಕೋವರ್ ಕಟ್ಟಿದ್ದು. ಮುಖ್ಯಸ್ಥರ ಅವಧಿ ಎಂಟು ವರ್ಷ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಮೇಲೆ ಸೇರಲಾಗದು, ಅಮೆರಿಕದ ಪೌರತ್ವವೇ ಬೇಕು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಾಲೇಜಿನಲ್ಲಿರುವಾಗಲೇ ಅಲ್ಲಿನ ನೌಕಾಪಡೆಯ ನ್ಯೂಪಾಕ್ ಯೋಜನೆಯಲ್ಲಿ ಸೇರಬಹುದು. ಓದುವಾಗಲೇ ಸಂಬಳ ಬರುತ್ತದೆ. ಕ್ಯಾಲ್ಕುಲಸ್ ಮತ್ತು ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರ ಒಂದೊಂದು ವರ್ಷ ಮುಗಿದಿರಬೇಕು. ವಾಷಿಂಗ್ಟನ್‌ನಲ್ಲಿ ತಾಂತ್ರಿಕ ಸಂದರ್ಶನಗಳು, ಕೊನೆಗೆ ಸಂಸ್ಥೆಯ ಮುಖ್ಯಸ್ಥರಾದ ಅಡ್ಮಿರಲ್ ಎದುರು ಕೆಲವೇ ನಿಮಿಷ. ಹಡಗಿಗೆ ಹೋಗುವವರಿಗೆ ಸೌತ್ ಕೆರೊಲಿನಾದಲ್ಲಿ ಆರು ತಿಂಗಳ ಅಣುಶಕ್ತಿ ಶಾಲೆ, ಮತ್ತೆ ಆರು ತಿಂಗಳು ನಿಜವಾದ ರಿಯಾಕ್ಟರ್ ಮೇಲೆ ತರಬೇತಿ. ಕೇಂದ್ರ ಕಚೇರಿಯ ಎಂಜಿನಿಯರ್ ಆಗುವವರಿಗೆ ಐದು ವರ್ಷದ ಕರಾರು, ಪೆನ್ಸಿಲ್ವೇನಿಯಾದ ಬೆಟಿಸ್ ಪ್ರಯೋಗಾಲಯದಲ್ಲಿ ರಿಯಾಕ್ಟರ್ ಶಾಲೆ. ಮಗ ಅಥವಾ ಮಗಳ ಹೆಸರಿನಲ್ಲಿ ಓಸಿಐ ಕಾರ್ಡ್ ಇದ್ದರೆ, ಭಾರತದಲ್ಲಿ ಆಸ್ತಿ ಅಥವಾ ಹತ್ತಿರದ ಬಂಧುಗಳಿದ್ದರೆ, ಭದ್ರತಾ ಅನುಮತಿಯ ನಮೂನೆಯಲ್ಲಿ ಕೇಳಿದ ಪ್ರತಿ ಅಂಕಣದಲ್ಲೂ ಅದನ್ನು ಪೂರ್ತಿಯಾಗಿ ಬರೆಸಿ.